ಬರೆದವರು: ಅನಂತರಾಜ

ಅನಂತರಾಜರು ಮೂವತ್ತೈದು ವರ್ಷ ಕಾರ್ಗಲ್ಲಿನಲ್ಲಿ ಅಣೆಕಟ್ಟಿನ ನಕ್ಷೆಗಳಿಗೆ ಗೆರೆ ಎಳೆದವರು. ಪ್ರತಿ ನಕ್ಷೆಯ ಮೂಲೆಯಲ್ಲೂ 'ಅನುಮೋದಿಸಿದವರು' ಎಂಬಲ್ಲಿ ಇನ್ಯಾರದೋ ದೊಡ್ಡ ಸಹಿ. 'ಬರೆದವರು' ಎಂಬಲ್ಲಿ ಇವರದು ಎರಡೇ ಅಕ್ಷರ, ಅದೂ ಇರುವೆ ಗಾತ್ರದ್ದು. ನಿವೃತ್ತರಾದ ಮೇಲೂ ಆ ಮೂಲೆ ಅವರನ್ನು ಚುಚ್ಚುತ್ತಲೇ ಇತ್ತು.

ಹಾಗಾಗಿ ಊರಿನ ವಿಜ್ಞಾನ ಸಂಘ ಕೈಯಿಂದ ಎಸೆಯುವ ಗ್ಲೈಡರ್‌ಗಳ ಸ್ಪರ್ಧೆ ಇಟ್ಟಾಗ, ವಯಸ್ಸಿನ ಮಿತಿ ಇಲ್ಲವೆಂದು ಕೇಳಿದ್ದೇ ತಡ, ಹೆಸರು ಕೊಟ್ಟುಬಂದರು. ತಾವೇ ನಕ್ಷೆ ಬರೆದರು, ತಾವೇ ಕಟ್ಟಿದರು. ರೆಕ್ಕೆಯ ಮೇಲೆ 'ಬರೆದವರು: ಅನಂತರಾಜ' ಎಂದು ಅಂದವಾಗಿ ಬರೆದರು. ಸ್ಪರ್ಧೆಯ ನಿಯಮದಂತೆ ಅದು ಹದಿನೈದು ಸೆಕೆಂಡು ಗಾಳಿಯಲ್ಲಿದ್ದರೆ ಸಾಕಿತ್ತು.

ಶನಿವಾರ ಸಂಜೆ ಮೈದಾನದಲ್ಲಿ ಎಸೆದು ನೋಡಿದರು. ಮೂರೇ ಸೆಕೆಂಡಿಗೆ ಹಲಸಿನಕಾಯಿಯಂತೆ ಬಿತ್ತು.

ಮನೆಯಲ್ಲಿ ಹೆಂಡತಿ ವಾರಿಜಾಕ್ಷಿ ಅದನ್ನು ಅಡುಗೆಮನೆಯ ತಕ್ಕಡಿಗಿಟ್ಟರು. ಎಂಬತ್ತಾರು ಗ್ರಾಂ. ಅಣೆಕಟ್ಟಿನ ಕೈ ಸುಮ್ಮನಿರುತ್ತದೆಯೇ? ಎಲ್ಲವೂ ಬೇಕಾದ್ದಕ್ಕಿಂತ ಮೂರು ಪಟ್ಟು ಗಟ್ಟಿ. ಹಗುರ ಮರದ ರೆಕ್ಕೆಗೆ ಅಡಿಯಲ್ಲಿ ಬಿದಿರಿನ ಪಟ್ಟಿ, ಮೇಲೆ ಇನ್ನೊಂದು ಪದರ.

"ಇವ್ರೇ, ಇದು ನೀರು ತಡೀಬೇಕಾ, ಗಾಳೀಲಿ ತೇಲ್ಬೇಕಾ?"

"ಮುರಿದ್ರೆ ಏನ್ಮಾಡೋದು?"

"ಮುರಿದ್ರೆ ಅಂಟಿಸ್ಬಹುದು. ಬೀಳ್ತಾನೇ ಇದ್ರೆ ಏನು ಅಂಟಿಸ್ತೀರಿ?"

ಹಪ್ಪಳ ಲಟ್ಟಿಸಿ ಪಳಗಿದ ಕೈ ವಾರಿಜಾಕ್ಷಿಯದು. ರೆಕ್ಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಬೆರಳು ಹಿಡಿದ್ರೆ ಆಚೆಯಿಂದ ನೆರಳು ಕಾಣ್ಬೇಕು. ಮೇಲಿನ ಪದರ ಪೂರ್ತಿ ಹೋಗ್ಬೇಕು" ಎಂದರು. ಆಮೇಲೆ ಆ ಪದರದ ಮೇಲಿದ್ದ ಹೆಸರು ಅವರಿಗೂ ಕಂಡಿತು. ರೆಕ್ಕೆಯನ್ನು ಮೆಲ್ಲಗೆ ಕೆಳಗಿಟ್ಟರು.

ಹೊತ್ತು ಮುಳುಗುವ ಮುಂಚೆ ಊಟ ಮುಗಿಸುವ ಮನೆ ಅದು. ಇಬ್ಬರೂ ಬೇಗ ಉಂಡರು. ಅನಂತರಾಜರಿಗೆ ನಿಜಕ್ಕೂ ಸಂಕಟವಾಗಿತ್ತು; ಜೀವಮಾನದಲ್ಲಿ ಒಮ್ಮೆ ಪೂರ್ತಿ ಬರೆದ ಹೆಸರು. ಕೈ ತೊಳೆದು ಬಂದವರೇ ಉಪ್ಪುಕಾಗದ ತೆಗೆದುಕೊಂಡು ಮೊದಲು ಹೆಸರಿನ ಮೇಲೆಯೇ ಉಜ್ಜಿದರು. ವಾರಿಜಾಕ್ಷಿ ಒದ್ದೆ ಬಟ್ಟೆ ಒತ್ತಿ ಅಂಟು ಸಡಿಲಿಸಿ ಬಿದಿರು ಬಿಡಿಸಿದರು. ತೂಕಕ್ಕೆಂದು ಮೂತಿಗೆ ಮೆತ್ತಿದ್ದ ಜೇಡಿಮಣ್ಣನ್ನೂ ಚಿವುಟಿ ಚಿವುಟಿ, ಎರಡು ಬೆರಳ ತುದಿಯಲ್ಲಿ ಅದು ಸಮನಾಗಿ ನಿಲ್ಲುವಂತೆ ಮಾಡಿದರು. ತಕ್ಕಡಿ ಮೂವತ್ತೊಂದು ತೋರಿಸಿತು.

ಭಾನುವಾರ ಸ್ಪರ್ಧೆಯಲ್ಲಿ ಅನಂತರಾಜರು ಅದನ್ನು ಎಸೆದರು. ಗ್ಲೈಡರ್ ಮೇಲೇರಿ, ಎಡಕ್ಕೆ ವಾಲಿ, ಅವಸರವೇ ಇಲ್ಲದೆ ಎರಡು ಸುತ್ತು ಹಾಕಿ ಹುಲ್ಲಿನ ಮೇಲೆ ಇಳಿಯಿತು. ಇಪ್ಪತ್ತೆರಡು ಸೆಕೆಂಡು. ಇವರು ಚಪ್ಪಲಿ ಬಿಟ್ಟು ಓಡಿದ್ದನ್ನು ಊರೇ ನೋಡಿ ನಕ್ಕಿತು.

ಸಂಘದ ಶ್ಯಾಮಲಾ ಪುಸ್ತಕ ಹಿಡಿದು ಬಂದಳು. "ಡಿಸೈನ್ ಯಾರದ್ದು ಸಾರ್? ರೆಕ್ಕೇಲಿ ಹೆಸರೇ ಇಲ್ವಲ್ಲ."

"ಬರೆದವರು ಅನಂತರಾಜ ಅಂತ ಹಾಕಮ್ಮ," ವಾರಿಜಾಕ್ಷಿಯೇ ಮುಂದಾದರು, "ದೊಡ್ಡದಾಗಿ ಬರಿ."

ಅನಂತರಾಜರು ಪೆನ್ನು ಕೇಳಿ ಇಸಿದುಕೊಂಡರು. ತಮ್ಮ ಹೆಸರಿನ ಕೆಳಗೆ ನೇರವಾದ ಗೆರೆ ಎಳೆದು, 'ಅನುಮೋದಿಸಿದವರು' ಎಂದು ಬರೆದು, ಪೆನ್ನನ್ನು ಹೆಂಡತಿಯ ಕೈಗಿಟ್ಟರು.

"ಸಹಿ ಮಾಡು ಮಾರಾಯ್ತಿ. ಪೂರ್ತಿ ಹೆಸರು."