ಎರಡನೆಯ 'ಎಲ್'

ಹಳೆಯ ಕಾಮಿಕ್ಸ್ ಕಲಾವಿದರಿಗೆ ಪ್ರಶಸ್ತಿ ಕೊಡುವ ಸಭೆ ಲೀಡ್ಸ್‌ನ ಒಂದು ಹೋಟೆಲಿನಲ್ಲಿತ್ತು. ತಾತನ ತಂಗಿ ಹಿಲ್ಡಜ್ಜಿಯನ್ನು ನಾನೇ ಬಸ್ಸಿನಲ್ಲಿ ಕರೆದುಕೊಂಡು ಹೋಗಿದ್ದೆ. ಚಿತ್ರದೊಳಗಿನ ಜನರ ಮಾತುಗಳನ್ನು ಕೈಯಲ್ಲಿ ಬರೆಯುವುದು ಅವಳ ಕೆಲಸವಾಗಿತ್ತು. ಕಾಗದದ ಮೇಲೆ ಬರೆದು, ಕತ್ತರಿಸಿ, ಚಿತ್ರಕ್ಕೆ ಅಂಟಿಸುತ್ತಿದ್ದಳು. ಆಗಿನ ವಾರಪತ್ರಿಕೆಗಳಲ್ಲಿ ಇಂಥವರ ಹೆಸರು ಹಾಕುತ್ತಿರಲಿಲ್ಲ. ಊರವರೆಲ್ಲ ಅವಳ ಅಕ್ಷರ ಓದಿದ್ದರು, ಅವಳ ಹೆಸರನ್ನು ಯಾರೂ ಓದಿರಲಿಲ್ಲ. ಇವತ್ತು ಅದು ಹಿತ್ತಾಳೆಯ ಪ್ರಶಸ್ತಿ ಫಲಕದ ಮೇಲೆ ಬರುತ್ತದೆಂದು ಹೊಸ ಕೋಟು ಕೊಂಡಿದ್ದಳು.

ಎಲ್ಲರೂ ಚಹಾ ಕುಡಿಯುವಾಗ ನಾನು ಯಾರೊಂದಿಗೂ ಮಾತಾಡಬೇಕಿಲ್ಲದ ಜಾಗ ಹುಡುಕಿ, ಪ್ರಶಸ್ತಿ ಫಲಕಗಳ ಮೇಜಿನ ಬಳಿ ನಿಂತೆ. ಒಂದರ ಮೇಲೆ ಅಜ್ಜಿಯ ಹೆಸರಿತ್ತು, ಹಿಲ್ಡಾ ಟ್ಯಾಟರ್ಸಾಲ್. ಟ್ಯಾಟರ್ಸಾಲ್ ನನ್ನ ಮನೆತನದ ಹೆಸರೂ ಹೌದು. ಇಂಗ್ಲಿಷಿನಲ್ಲಿ ಬರೆದರೆ ಕೊನೆಯಲ್ಲಿ ಎರಡು 'ಎಲ್' ಬರಬೇಕು. ಅಲ್ಲಿ ಒಂದೇ ಇತ್ತು.

ವ್ಯವಸ್ಥಾಪಕರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಅಜ್ಜಿಯ ಕಿವಿಯಲ್ಲಿ ಹೇಳಿದೆ.

"ಸರಿಯಾಗಿ ನೋಡಿದ್ಯೇನೇ?"

"ನೋಡ್ದೆ ಅಜ್ಜಿ."

ಅವಳು ಕೇಕಿನ ತಟ್ಟೆ ಕೆಳಗಿಟ್ಟಳು. ಆಮೇಲೆ ಕೋಲೂರಿಕೊಂಡು ಹೋಗಿ ನೋಡಿದಳು.

ವ್ಯವಸ್ಥಾಪಕ ಕ್ಲೈವ್ ಕೆಂಪು ಮುಖ ಹೊತ್ತು ಓಡಿಬಂದ. "ಅಯ್ಯೋ, ತಪ್ಪಾಯ್ತು ಮೇಡಂ. ಹೊಸದು ಮಾಡಿಸಿ ಅಂಚೇಲಿ ಕಳಿಸ್ತೀವಿ."

"ನಂಗೆ ಎಂಬತ್ತೊಂಬತ್ತಪ್ಪ. ನಿಮ್ಮ ಅಂಚೆಗೆ ಅವಸರ ಇರಲ್ಲ. ಒಂಚೂರು ಗೋಂದು, ಕತ್ತರಿ ಕೊಡು."

ಯಾರಾದರೂ ಸಹಿ ಕೇಳಬಹುದೆಂದು ಹಳೆಯ ಪೆನ್ನು ತಂದಿದ್ದಳು. ಆಹ್ವಾನ ಪತ್ರಿಕೆಯ ಖಾಲಿ ಬೆನ್ನಿನ ಮೇಲೆ ಹೆಸರು ಬರೆಯತೊಡಗಿದಳು. ಕುದುರೆ ಕಥೆಗಳ ಚಿತ್ರಕಾರ ಆರ್ನಲ್ಡ್ ಬಗ್ಗಿ ನೋಡಿದ.

"ಹಿಲ್ಡಾ, ನೀನು ಅಂಟಿಸಿದ ಮಾತೆಲ್ಲ ನನ್ನ ಕುದುರೆಗಳ ಮುಖಾನೇ ಮುಚ್ಚಿಬಿಡ್ತಿತ್ತು!"

"ನಿನ್ನ ಕುದುರೆ ಮುಖಕ್ಕೆ ಅದೇ ವಾಸಿ ಕಣೋ. ಬೆಳಕಿಗೆ ಅಡ್ಡ ನಿಲ್ಬೇಡ."

ಕೊನೆಯ 'ಎಲ್' ತುಸು ವಾಲಿತು.

"ವಾಲಿದ್ರೂ ಇದೆಯಲ್ಲ," ಎಂದು ಕತ್ತರಿಸಿ ಹಿತ್ತಾಳೆಯ ತಪ್ಪು ಹೆಸರಿನ ಮೇಲೆ ಅಂಟಿಸಿದಳು. "ಗೋಂದು ಹಿಡಿಯೋವರೆಗೂ ಹೆಬ್ಬೆರಳು ಒತ್ಕೊಂಡಿರು."

ಒತ್ತಿದೆ. ಅಷ್ಟರಲ್ಲಿ ವೇದಿಕೆಯಿಂದ ಅವಳ ಹೆಸರು ಕೂಗಿದರು.

"ಅಜ್ಜಿ, ನೀವು ತಗೊಂಡು ಹೋಗಿ..."

"ಬೆರಳು ಎತ್ತಿದ್ರೆ ನೋಡು! ನಡಿ."

ಶಾಲೆಯಲ್ಲಿ ಎದ್ದು ನಿಂತು ಪಾಠ ಓದಲಾರದೆ ಮನೆಗೆ ಓಡಿಬರುತ್ತಿದ್ದವಳು ನಾನು. ಫಲಕವನ್ನು ಎದೆಗವಚಿ, ಬೆರಳು ಒತ್ತಿಕೊಂಡೇ ಅವಳ ಜೊತೆ ಮೆಟ್ಟಿಲು ಹತ್ತಿದೆ. ಚಪ್ಪಾಳೆ ಕೇಳುತ್ತಿತ್ತು. ನಾನು ಬೆರಳನ್ನೇ ನೋಡುತ್ತಿದ್ದೆ.

ಏನಾದರೂ ಮಾತಾಡಿ ಎಂದು ಕ್ಲೈವ್ ಮೈಕು ಹಿಡಿದ. ಅಜ್ಜಿ ನನ್ನ ಕಡೆ ತಿರುಗಿದಳು.

"ಈಗ ಬೆರಳು ತೆಗಿ ಮಗಾ. ಅವ್ರು ಓದ್ಕೊಳ್ಲಿ."