ಜಡೆ ಹೆಣೆಯುವ ಚಿತ್ರದ ಮುಂದೆ

ನಾನು ಮದುವೆಯಾಗಿ ಸತ್ತೇಗಾಲಕ್ಕೆ ಬಂದ ಮರುವರ್ಷ, ಅಂದರೆ ಅರವತ್ತೇಳರಲ್ಲಿ, ಅತ್ತೆ ಗುರುಬಸಮ್ಮ ನನ್ನನ್ನು ಸೀರೆ ತರಲು ಕೊಳ್ಳೇಗಾಲಕ್ಕೆ ಕರೆದುಕೊಂಡು ಹೋದರು. ಅತ್ತೆಯದು ಮಾತು ಕಮ್ಮಿ. ಅವರಿಗೆ ನಾನು ಹಿಡಿಸಿದ್ದೇನೋ ಇಲ್ಲವೋ ಅಂತಲೂ ನನಗೆ ಗೊತ್ತಿರಲಿಲ್ಲ.

ದಾರಿಯಲ್ಲಿ ಒಂದು ಸ್ಕೂಲಿನ ಮುಂದೆ ಚಿತ್ರಗಳ ಪ್ರದರ್ಶನ ಎಂದು ಬಟ್ಟೆಯ ಮೇಲೆ ಬರೆದು ಕಟ್ಟಿದ್ದರು. ತವರಿನಲ್ಲಿ ಗೋಡೆಯ ಮೇಲೆಲ್ಲ ಗಿಣಿ, ನವಿಲು ಬರೆಯುತ್ತಿದ್ದವಳು ನಾನು. ಕಾಲು ತಾನಾಗಿ ನಿಧಾನವಾಯಿತು. ಅತ್ತೆ ತಿರುಗಿ ನೋಡಿದರು.

“ನೋಡ್ಬೇಕು ಅನ್ಸುದ್ರೆ ಬಾಯ್ಬುಟ್ಟು ಯೋಳ್ಬಾರ್ದಾ ಅಮ್ಮಿ?” ಎಂದು ತಾವೇ ಮುಂದಾಗಿ ಒಳಗೆ ನಡೆದರು.

ಡ್ರಾಯಿಂಗ್ ಮೇಷ್ಟ್ರು ಶಿವರುದ್ರಸ್ವಾಮಿಯವರು ಬರೆದ ಚಿತ್ರಗಳವು. ಬಿಳಿಗಿರಿ ಬೆಟ್ಟ, ಕಬ್ಬಿನ ಗಾಡಿ, ನಮ್ಮೂರ ಕಡೆಯ ಕಾವೇರಿ. ನಾನು ಒಂದೊಂದನ್ನೇ ನೋಡುತ್ತಾ ಹೋಗಿ ತಿರುಗಿದರೆ ಅತ್ತೆ ನೆಲದ ಮೇಲೆ ಕೂತುಬಿಟ್ಟಿದ್ದರು. ಎದುರಿನ ಚಿತ್ರದಲ್ಲಿ ಹೊಳೆಯ ಮೆಟ್ಟಿಲ ಮೇಲೆ ದೊಡ್ಡ ಹುಡುಗಿಯೊಬ್ಬಳು ಟೇಪನ್ನು ಹಲ್ಲಲ್ಲಿ ಕಚ್ಚಿಕೊಂಡು ಚಿಕ್ಕವಳಿಗೆ ಜಡೆ ಹಾಕುತ್ತಿದ್ದಳು. ತಲೆಸುತ್ತು ಬಂದಿರಬೇಕೆಂದು ಮೇಷ್ಟ್ರು ಗಾಬರಿಯಿಂದ ನೀರು ತಂದುಕೊಟ್ಟರು.

“ನನ್ಗೇನಾಗಿಲ್ಲ ಸಾ. ನಮ್ಮಕ್ಕನೂ ಇಂಗೇ ಟೇಪ ಕಚ್ಕಂಡು ಜಡೆ ಆಕೋಳು,” ಎಂದರು ಅತ್ತೆ.

ತಾಯಿಯಿಲ್ಲದ ಅತ್ತೆಯನ್ನು ಯಳಂದೂರಿನಲ್ಲಿ ಸಾಕಿದವಳು ಅಕ್ಕ ಚನ್ನಮಲ್ಲಮ್ಮ ಅಂತೆ. ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡಳಂತೆ. ಅಂಥ ಅಕ್ಕನೊಬ್ಬಳು ಇದ್ದಳೆಂದು ನಾನು ಕೇಳಿದ್ದೇ ಅವತ್ತು.

ಮೇಷ್ಟ್ರಿಗೆ ಏನನ್ನಿಸಿತೋ, ಪೆನ್ಸಿಲ್ ತೆಗೆದು, ನಿಮ್ಮದೊಂದು ಚಿತ್ರ ಬರೆದುಕೊಡಲೇ ಎಂದು ಕೇಳಿದರು. ಅತ್ತೆ ಸೆರಗು ಸರಿಮಾಡಿಕೊಂಡು ನನ್ನ ಕೈ ಹಿಡಿದೆಳೆದರು.

“ನನ್ನೊಬ್ಳುನ್ನೇ ಬರೀಬ್ಯಾಡಿ. ನನ್ ಸೊಸೇನೂ ಪಕ್ಕುದಲ್ಲಿ ಇರ್ಲಿ. ಅಕ್ಕ ತೀರ್ಕಂಡ್ಮೇಲೆ ನನ್ಗೆ ಜೊತೆ ಅಂತ ಆದೋಳು ಇವ್ಳೇಯ.”

ನಾನು ಅವರಿಗೆ ಒತ್ತಿಕೊಂಡು ಕೂತೆ. ಮೇಷ್ಟ್ರು ಬರೆದು ಮುಗಿಸುವ ಹೊತ್ತಿಗೆ ಊರಿನ ಬಸ್ಸು ಹೊರಟುಹೋಗಿತ್ತು. ಸೀರೆಯನ್ನು ಇಬ್ಬರೂ ಮರೆತೇಬಿಟ್ಟಿದ್ದೆವು.

ಮನೆಯಲ್ಲಿ ಮಾವ ಶಿವನಂಜಯ್ಯನವರು ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ, ಈ ನಗು ಇಷ್ಟು ದಿವಸ ಎಲ್ಲಿತ್ತು ಎಂದು ಹೆಂಡತಿಯನ್ನು ಕೇಳಿದರು. ನಡುಮನೆಯಲ್ಲಿ ಹಾಕೋಣ ಅಂದರೆ ಅತ್ತೆಗೆ ನಾಚಿಕೆ. ಅಡುಗೆಮನೆಯ ಗೋಡೆಗೆ ತಗುಲಿಸಿದರು. ಹೊಗೆಗೆ ಅದು ಕಂದಾಯಿತು. ಆಮೇಲೆ ನಾನು ರೊಟ್ಟಿ ತಟ್ಟುವಾಗೆಲ್ಲ ಅತ್ತೆ ಹತ್ತಿರ ಬಂದು ಕೂತು, ಯಳಂದೂರಿನ ಹೊಳೆ, ಅಕ್ಕ, ಅಕ್ಕನ ಬೈಗುಳ ಎಂದು ಮಾತಿಗೆ ತೊಡಗುತ್ತಿದ್ದರು. ಎಷ್ಟೋ ಸಲ ರೊಟ್ಟಿ ಸೀದುಹೋಗುತ್ತಿತ್ತು.