ಸುಮ್ಮನೆ ನಿಲ್ಲುವವನು

ನನ್ನ ಗಂಡ ವಾರದಲ್ಲಿ ಆರು ದಿನ ಡ್ರೈವಿಂಗ್ ಕಲಿಸುತ್ತಾರೆ, ಏಳನೆಯ ದಿನ ಮರ್ಯಾದೆ ಕಳೆದುಕೊಳ್ಳುತ್ತಾರೆ. ಆ ಏಳನೆಯ ದಿನದ ಕೆಲಸಕ್ಕೆ ಫುಟ್‌ಬಾಲ್ ಮ್ಯಾನೇಜರ್ ಎಂದು ಹೆಸರು. ಟೀವಿಯಲ್ಲಿ ಕೋಟು ಹಾಕಿಕೊಂಡು ನಿಲ್ಲುವವರನ್ನು ನೆನಸಿಕೊಳ್ಳಬೇಡಿ. ನಮ್ಮ ಲೀಗಿನ ಆಟಗಾರರು ಹಗಲು ನಲ್ಲಿ ರಿಪೇರಿ ಮಾಡುತ್ತಾರೆ, ಬ್ರೆಡ್ಡು ಸುಡುತ್ತಾರೆ, ಪಾರ್ಸೆಲ್ ಹಂಚುತ್ತಾರೆ. ಸಂಜೆ ಅಭ್ಯಾಸಕ್ಕೆ ಬರುವಷ್ಟರಲ್ಲಿ ಅರ್ಧ ಜನ ನಿಂತಲ್ಲೇ ತೂಕಡಿಸುತ್ತಿರುತ್ತಾರೆ.

ಈ ಲೀಗಿನಲ್ಲಿ ಇವರು ಕಾಲಿಡದ ಕ್ಲಬ್ ಇಲ್ಲ. ಒಂದು ಕಡೆಯವರು ಕತ್ತು ಹಿಡಿದು ದಬ್ಬುತ್ತಾರೆ, ಇನ್ನೊಂದು ಕಡೆಯವರು ಬೇರೆ ಯಾರೂ ಸಿಗದೆ ಕರೆಯುತ್ತಾರೆ. ಇವರಿಗೆ ಮಾತ್ರ ಪ್ರತಿ ಸಲವೂ ಮದುವೆ ಮನೆಯ ಸಂಭ್ರಮ. ಹೋದ ವರ್ಷ ನನ್ನ ತಾಳ್ಮೆಯ ಕಟ್ಟೆ ಒಡೆಯಿತು.

"ಇದೇ ಕೊನೆ ಕ್ಲಬ್ಬು. ಇಲ್ಲೂ ತೆಗೆದುಹಾಕಿದ್ರೆ ಫುಟ್‌ಬಾಲಿಗೆ ಕೈ ಮುಗಿದು ಮನೇಲಿರ್ತೀರ. ಮಾತು ಕೊಡಿ," ಎಂದೆ.

"ಕೊಟ್ಟೆ," ಎಂದರು. ಇವರಲ್ಲಿ ನೂರು ಕೊರತೆ ಹುಡುಕಬಹುದು, ಕೊಟ್ಟ ಮಾತಿಗೆ ತಪ್ಪಿದವರಲ್ಲ.

ಇಷ್ಟೆಲ್ಲ ಕ್ಲಬ್ ಸುತ್ತಿದ್ದರ ಹಿಂದೆ ಒಂದು ಕಾರ್ನರ್ ಕಿಕ್ ಇದೆ. ಇವರೇ ತಲೆ ಕೆಡಿಸಿಕೊಂಡು ಕಂಡುಹಿಡಿದದ್ದು. ಮೂಲೆಯಿಂದ ಚೆಂಡು ಒದೆಯುವ ಹೊತ್ತಿಗೆ ಗೋಲಿನ ಮುಂದಿರುವ ನಮ್ಮವರೆಲ್ಲ ಒಟ್ಟಿಗೆ ಹತ್ತಿರದ ಕಂಬದ ಕಡೆ ಓಡಬೇಕು. ಎದುರಾಳಿಗಳು ಅವರ ಬೆನ್ನು ಹತ್ತುತ್ತಾರೆ. ಒಬ್ಬ ಮಾತ್ರ ಅಲುಗಾಡದೆ ನಿಂತಿರಬೇಕು. ಚೆಂಡು ಅವನಿಗೆ. ಊಟದ ಮೇಜಿನ ಮೇಲೆ ಲೋಟ, ಚಮಚ ಇಟ್ಟು ಇದನ್ನು ಎಷ್ಟು ಸಲ ತೋರಿಸಿದ್ದಾರೋ, ನಿದ್ದೆಗಣ್ಣಲ್ಲಿ ಕೇಳಿದರೂ ನಾನು ಹೇಳಬಲ್ಲೆ. ಆದರೆ ಯಾವ ಕ್ಲಬ್ಬಿನಲ್ಲೂ ಇದು ನಡೆಯಲಿಲ್ಲ. ಚೆಂಡು ಕಂಡರೆ ಎಲ್ಲರಿಗೂ ಕಾಲು ತುರಿಸುತ್ತದೆ. ಸುಮ್ಮನೆ ನಿಲ್ಲಬಲ್ಲ ಒಬ್ಬನೇ ಒಬ್ಬ ಇವರಿಗೆ ಸಿಗಲಿಲ್ಲ.

ಋತುವಿನ ಕೊನೆಯ ಪಂದ್ಯ. ಡ್ರಾ ಮಾಡಿಕೊಂಡರೆ ನಮ್ಮ ಕ್ಲಬ್ ಲೀಗಿನಲ್ಲಿ ಉಳಿಯುತ್ತದೆ, ಸೋತರೆ ಕೆಳಗಿನ ಲೀಗಿಗೆ. "ಸೋತರೆ ನೀವು ನಾಳೆಯಿಂದ ಬರಬೇಡಿ," ಎಂದು ಪೇಂಟ್ ಅಂಗಡಿಯ ಯಜಮಾನರೂ ಆದ ನಮ್ಮ ಕ್ಲಬ್ಬಿನ ಅಧ್ಯಕ್ಷರು ಮೊದಲೇ ಹೇಳಿಬಿಟ್ಟಿದ್ದರು. ಪಂದ್ಯ ಇದ್ದದ್ದು ಇವರು ಹಿಂದೆ ನಾಲ್ಕು ವರ್ಷ ಕೆಲಸ ಮಾಡಿದ್ದ ಕ್ಲಬ್ಬಿನ ಮೈದಾನದಲ್ಲಿ.

ಆಟ ಶುರುವಾಗುವ ಮುಂಚೆ ಇವರು ನಾನು ಕೂತಿದ್ದ ಮೆಟ್ಟಿಲಿನ ಹತ್ತಿರ ಬಂದರು. ಮುಖ ಬಿಳಿಚಿಕೊಂಡಿತ್ತು.

"ಎಡವಟ್ಟಾಯ್ತು ಕಣೇ. ಹಳೇ ಅಭ್ಯಾಸ, ಕಾಲು ತಾನಾಗೇ ಎಡಗಡೆ ರೂಮಿಗೆ ಹೋಗ್ಬಿಡ್ತು."

ಎಡಗಡೆಯದು ಆ ಕ್ಲಬ್ಬಿನವರ ಕೋಣೆ. ಇವರಿಗೆ ಆಟಗಾರರ ಮುಖ ನೋಡಿ ಭಾಷಣ ಮಾಡಲು ಸಂಕೋಚ. ಒಳಗೆ ಹೋದವರೇ ಎಲ್ಲರಿಗೂ ಬೆನ್ನು ಮಾಡಿ ಬೋರ್ಡಿನ ಮೇಲೆ ಬರೆಯತೊಡಗುತ್ತಾರೆ. ಅಂದೂ ಹಾಗೇ ಕಾರ್ನರ್ ಕಿಕ್ ಪೂರ್ತಿ ಬಿಡಿಸಿ, ವಿವರಿಸಿ, ಕೈಗೆ ಹತ್ತಿದ ಸೀಮೆಸುಣ್ಣ ಒರೆಸಿಕೊಂಡು ತಿರುಗಿದರೆ ಎದುರಿಗೆ ಹನ್ನೊಂದು ಜನ ಎದುರಾಳಿಗಳು.

"ಅವರು ಸುಮ್ಮನೆ ಕೇಳಿಸ್ಕೊಂಡು ಕೂತಿದ್ರಾ?"

"ಕ್ಯಾಪ್ಟನ್ ಹೇಳಿದ, ಅಷ್ಟು ಚೆನ್ನಾಗಿ ಹೇಳ್ತಿದ್ರಿ ಸರ್, ಮಧ್ಯೆ ಬಾಯಿ ಹಾಕೋಕೆ ಮನಸ್ಸಾಗ್ಲಿಲ್ಲ ಅಂತ."

ನನಗೆ ನಗು ತಡೆಯಲಾಗಲಿಲ್ಲ.

ಆಟ ಒಂದು ಗೋಲಿಗೆ ಒಂದು ಗೋಲು ಎಂಬಲ್ಲೇ ಎಳೆಯುತ್ತಾ ಹೋಯಿತು. ಗೆರೆಯಾಚೆ ನಿಂತ ಇವರು ಅಪಾಯ ಕಂಡಾಗಲೆಲ್ಲ ಬಲಗಾಲಿನಿಂದ ಇಲ್ಲದ ಬ್ರೇಕ್ ಒತ್ತುತ್ತಿದ್ದರು. ಇನ್ನೇನು ಮುಗಿಯಿತು, ಬಚಾವಾದೆವು ಎನ್ನುವಾಗ ಎದುರಾಳಿಗಳಿಗೆ ಒಂದು ಕಾರ್ನರ್ ಸಿಕ್ಕಿತು.

ಅವರ ತಂಡದಲ್ಲೊಬ್ಬ ಎತ್ತರದ ಆಳು, ಬ್ಯಾಂಕಿನ ಬಾಗಿಲು ಕಾಯುವ ಗಾರ್ಡ್. ಚೆಂಡು ಒದೆಯುವ ಹೊತ್ತಿಗೆ ಉಳಿದವರೆಲ್ಲ ಕಂಬದ ಕಡೆ ಓಡಿದರು. ವಾರವಿಡೀ ‘ಕಂಬದ ಕಡೆ ಓಡಿ’ ಎಂದೇ ಕೇಳಿದ್ದ ನಮ್ಮವರು ದಡಬಡ ಅವರ ಹಿಂದೆಯೇ ಓಡಿದರು. ಗಾರ್ಡ್ ಮಾತ್ರ ಡ್ಯೂಟಿಯಲ್ಲಿರುವಂತೆ ನಿಂತಿದ್ದ. ನಿಲ್ಲುವುದೇ ಅವನ ಸಂಬಳದ ಕೆಲಸವಲ್ಲವೇ. ಚೆಂಡು ತಾನಾಗಿ ಅವನ ಹಣೆಗೆ ಬಂತು, ಹಣೆಯಿಂದ ಬಲೆಗೆ ಹೋಯಿತು.

ನಮ್ಮ ಕಡೆಯವರೆಲ್ಲ ತಲೆ ಮೇಲೆ ಕೈ ಹೊತ್ತರು. ಇವರು ಎರಡೂ ಕೈ ಮೇಲೆತ್ತಿ ಕುಣಿದರು. ಅಧ್ಯಕ್ಷರ ಕಣ್ಣೆದುರಿಗೇ, ಹುಚ್ಚರ ಹಾಗೆ. ಅದಕ್ಕೆ ಬಯ್ಯುವ ಯೋಗ್ಯತೆ ನನಗಿರಲಿಲ್ಲ, ಏಕೆಂದರೆ ನಾನೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದೆ.

ಆಟ ಸೋತು ಮುಗಿದ ಮೇಲೆ ಅಧ್ಯಕ್ಷರು ಹತ್ತಿರ ಬಂದರು. "ಆಯ್ತಲ್ಲ, ನಿಮಗೆ ಸಂತೋಷ ತಾನೆ? ಇನ್ನು ಹೊರಡಿ," ಎಂದರು.

ಕಾರಿನಲ್ಲಿ ಕೂತೆವು. ಎದುರು ತಂಡದ ಕ್ಯಾಪ್ಟನ್, ಹಗಲು ಪ್ಲಂಬರ್ ಕೆಲಸ ಮಾಡುವವನು, ಓಡಿ ಬಂದು ನನ್ನ ಕಡೆಯ ಗಾಜು ತಟ್ಟಿದ. ಸ್ವಲ್ಪ ಇಳಿಸಿದೆ.

"ನಮ್ಮ ಮ್ಯಾನೇಜರ್ ಬಿಡ್ತಿದಾರೆ ಸರ್. ನೀವು ವಾಪಸ್ ಬರ್ತೀರಾ ಅಂತ ಎಲ್ಲರೂ ಕೇಳ್ತಿದಾರೆ."

"ಇಲ್ಲಪ್ಪ," ಎಂದರು ಇವರು. "ಮನೇಲಿ ಮಾತು ಕೊಟ್ಟಿದೀನಿ. ಮುಗೀತು."

ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಗೋಗರೆದಿದ್ದರೆ ನಾನು ಖಂಡಿತ ಆಗೋದಿಲ್ಲ ಎನ್ನುತ್ತಿದ್ದೆ, ಉತ್ತರ ನಾಲಿಗೆ ತುದಿಯಲ್ಲೇ ಇತ್ತು. ಈ ಮನುಷ್ಯ ಅದಕ್ಕೂ ಅವಕಾಶ ಕೊಡದೆ ಬೀಗದ ಕೈ ತಿರುಗಿಸಿದರು. ಕಾರು ಹೊರಡಲು ಅಣಿಯಾಯಿತು. ಇಷ್ಟು ವರ್ಷ ಬೇಡಿಕೊಂಡ ಭಾನುವಾರಗಳೆಲ್ಲ ಒಂದೇ ಏಟಿಗೆ ನನ್ನ ಮಡಿಲಿಗೆ ಬಿದ್ದಿದ್ದವು. ನನಗೆ ಅಳು ಬಂತು. ಸಿಟ್ಟೂ ಬಂತು.

ಗಾಜು ಪೂರ್ತಿ ಇಳಿಸಿ ಕ್ಯಾಪ್ಟನ್‌ನನ್ನು ಕೇಳಿದೆ:

"ಅಭ್ಯಾಸ ಎಷ್ಟು ಗಂಟೆಗಪ್ಪ?"